ಬಲ್ಬಿನ ಗಾಜು

ಬೆರಳು ತಾಕಿದ ಮಾತ್ರಕ್ಕೆ ಹೆಡ್‌ಲೈಟಿನ ಬಲ್ಬು ಸುಟ್ಟುಹೋಗುವುದು ನಿಜವೇ, ಅಥವಾ ಅಂಗಡಿಯವನು ಸುಮ್ಮನೆ ಹೆದರಿಸುತ್ತಿದ್ದಾನೆಯೇ? ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ನನ್ನ ಮುಂದೆ ಸೊಸೆಯೊಂದಿಗೆ ನಿಂತಿದ್ದ ಮುದುಕರ ಮುಖದಲ್ಲಿ ಆ ಅನುಮಾನ ಬರೆದಿಟ್ಟಂತಿತ್ತು.

“ಇದು ಮುಟ್ಟಿದರೆ ಮುನಿ, ಯಜಮಾನ್ರೇ. ಗಾಜಿಗೆ ಕೈಜಿಡ್ಡು ತಾಕಿದ್ರೆ ಅಲ್ಲೇ ಕಾದು ಒಡೆಯುತ್ತೆ. ಬಟ್ಟೆಯಲ್ಲಿ ಹಿಡೀರಿ,” ಎಂದ ಅಂಗಡಿಯವನು.

“ಹೊಳೆಯೋ ಹಾಗೆ ಹೆಬ್ಬೆರಳಲ್ಲಿ ಒರೆಸಿ ಹಾಕಿದ್ರೆ?” ಎಂದರು ಮುದುಕರು.

“ಚೆನ್ನಾಗಿ ಕೇಳಿದ್ರಿ. ಒಂದು ವಾರ ಬಾಳಿದ್ರೆ ನಿಮ್ಮ ಪುಣ್ಯ.”

ಸೊಸೆ ಮೆಲ್ಲಗೆ ಹೇಳಿದಳು. “ನಮ್ಮವರು ಹಾಕಿ ಐದೇ ದಿನ ಆಗಿತ್ತು, ಮಾವ. ದೀಪ ಹೋಯ್ತು ಅಂತ ರಸ್ತೇಲಿ ಇಳಿದು ನೋಡ್ತಿದ್ರಂತೆ. ಲಾರಿ ಅವರನ್ನ ಮಾತ್ರ ಎಳ್ಕೊಂಡು ಹೋಯ್ತು. ಕಾರಿಗೆ ಒಂದು ಗೀರೂ ಇಲ್ಲ.”

“ಹ್ಞೂಂ.”

“ಯಾರನ್ನಾದ್ರೂ ಕೇಳಿ ಹಾಕಬಾರದಿತ್ತಾ? ಎಲ್ಲಾ ತನಗೇ ಗೊತ್ತು ಅನ್ನೋ ಜಂಬ. ಅದಕ್ಕೇ ಇನ್ನೂ ಅವರ ಮೇಲೆ ಸಿಟ್ಟು ನನಗೆ. ಸತ್ತೋರ ಮೇಲೆ ಸಿಟ್ಟಾಗಬಾರದು ಅಂತಾರೆ.”

ಅಂಗಡಿಯವನು ದನಿ ತಗ್ಗಿಸಿದ.

“ಹಳೇ ಸ್ಪೋರ್ಟ್ಸ್ ಕಾರಲ್ವಾ? ದೀಪದ ಹಿಂದೆ ಜಾಗ ಕಮ್ಮಿ. ನಿಮ್ಮಂಥ ಸಣ್ಣ ಕೈನೇ ಬೇಕು, ಯಜಮಾನ್ರೇ.”

“ಅವರದು ಮೊರದಗಲದ ಕೈ. ಹೇಗೆ ತೂರಿಸಿದ್ರೋ. ನೀವು ಅಲ್ಲೇ ಇದ್ರಲ್ಲ, ಮಾವ?”

“ಇದ್ದೆ. ಟಾರ್ಚ್ ಹಿಡ್ಕೊಂಡಿದ್ದೆ.”

“ಎಷ್ಟು ಹೇಳಿದ್ರೂ ಕೇಳ್ತಿರಲಿಲ್ಲ, ಅಲ್ವಾ?”

“ನಡಿಯಮ್ಮ, ಹೊತ್ತಾಯ್ತು.”

ಅವಳು ಪೊಟ್ಟಣ ಎತ್ತಿಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಆ ಬಲ್ಬು ಹಾಕಿದ್ದು ತಾನೇ ಎಂದು ಮುದುಕರು ಸೊಸೆಗೆ ಹೇಳಲೇ ಇಲ್ಲ.