ಡ್ರಿಪ್ ಏರಿಸುವ ಮೊದಲು

ಬೆಳಿಗ್ಗೆ ಹತ್ತೂಕಾಲು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವವರಿಗೆ ತಿಂಗಳಿಗೊಮ್ಮೆ ಆ್ಯಂಟಿಬಾಡಿ ಔಷಧವನ್ನು ಡ್ರಿಪ್‌ನಲ್ಲಿ ಕೊಡುವ ಕೋಣೆ. ನಾನೂ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಗಾಲಿಕುರ್ಚಿಯಲ್ಲಿ ಒಬ್ಬ ಯುವತಿ. ಅವಳ ಅಕ್ಕ ದರ್ಜಿ. ಕೊರಳಿನ ಅಳತೆ ಟೇಪು ತೆಗೆಯದೆಯೇ ಬಂದಿದ್ದಳು.

“ಅಕ್ಕಾ, ಒಂದು ಹೇಳೋಕೆ ಹೋದ್ರೆ ಇನ್ನೊಂದು ಬಾಯಿಗೆ ಬರ್ತಿದೆ. ಸಿಸ್ಟರ್‌ಗೆ ಹೇಳ್ಲಾ?”

“ಹೇಳು. ಔಷಧ ನಿಲ್ಲಿಸ್ತಾರೆ. ಆಮೇಲೆ ನಿನ್ನನ್ನ ಬಚ್ಚಲಿಗೆ ಎತ್ಕೊಂಡು ಹೋಗೋಳು ನಾನು.”

“ನಿನ್ನೆ ನಾನು ಚಮಚಕ್ಕೆ ಬಾಚಣಿಗೆ ಅಂದೆ.”

“ನೀನು ಯಾವತ್ತು ಬುದ್ಧಿವಂತೆ ಆಗಿದ್ದೆ? ಬಾಯಿ ಮುಚ್ಕೊಂಡು ಕೂತ್ಕೋ.”

ನರ್ಸ್ ಔಷಧದ ಚೀಲ ತೂಗುಹಾಕಿ, ಸೂಜಿ ಚುಚ್ಚುವ ಮೊದಲು ಕೇಳಿದರು.

“ಹೋದ ಸಲ ಬಂದ ಮೇಲೆ ಮಾತು, ನೋಟ, ನೆನಪು ಏನಾದ್ರೂ ಬದಲಾಗಿದ್ಯಾ?”

“ಏನೂ ಇಲ್ಲ ಸಿಸ್ಟರ್. ಚೆನ್ನಾಗಿ ತಿಂದ್ಕೊಂಡಿದಾಳೆ,” ಎಂದಳು ಅಕ್ಕ.

“ಅವರೇ ಹೇಳಲಿ. ಇದೇನಮ್ಮಾ?” ನರ್ಸ್ ಪೆನ್ನು ತೋರಿಸಿದರು.

ತಂಗಿ ಅಕ್ಕನ ಮುಖ ನೋಡಿದಳು. “ಅದು... ಬಾಗಿಲು.”

ಅಕ್ಕ ನಕ್ಕಳು. “ಇವಳ ನಾಟಕ ನಿಮಗೆ ಗೊತ್ತಿಲ್ಲ ಸಿಸ್ಟರ್.”

“ಈ ಔಷಧ ತಗೊಳ್ಳೋರಿಗೆ ಅಪರೂಪಕ್ಕೆ ಮೆದುಳಿಗೆ ಸೋಂಕು ತಗಲುತ್ತೆ. ಅದು ಹೀಗೂ ಶುರುವಾಗಬಹುದು. ಇವತ್ತು ಕೊಡೋ ಹಾಗಿಲ್ಲ. ಡಾಕ್ಟರ್‌ಗೆ ಹೇಳಿ ಈಗಲೇ ಸ್ಕ್ಯಾನ್ ಮಾಡಿಸ್ಬೇಕು.” ನರ್ಸ್ ಚೀಲ ಕೆಳಗಿಳಿಸಿದರು.

ಅಕ್ಕ ತಂಗಿಯತ್ತ ತಿರುಗಿದಳು. “ಸಮಾಧಾನ ಆಯ್ತಾ ನಿಂಗೆ? ಇನ್ನು ಬಿದ್ಕೊಂಡಿರು ಜೀವನಪೂರ್ತಿ.”

“ಸ್ಕ್ಯಾನಿಗೆ ನೀನೂ ಬರ್ತೀಯಾ ಅಕ್ಕಾ?”

“ಅಂಗಡಿ ಯಾರು ತೆಗೀತಾರೆ? ಓಡಿಹೋದ ನಿನ್ನ ಗಂಡ ಬಂದು ತೆಗೀತಾನಾ?”

ಗಾಲಿಕುರ್ಚಿಯನ್ನು ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋದವರು ನರ್ಸ್. ಅಕ್ಕ ಲಿಫ್ಟಿನಲ್ಲಿ ಕೆಳಗಿಳಿದಳು.