ಸುಣ್ಣದ ಶಿಲುಬೆ

ಮೆಕ್ಸಿಕೊ ನಗರದ ಇಸ್ತಪಲಾಪಾ ಗುಡ್ಡದ ಮೇಲಿನ ಓಣಿಗಳಿಗೆ ತಂತಿಯ ಮೇಲೆ ಹೋಗುವ ತೂಗುಬಂಡಿಗೆ ಕಾಯುವ ಸಾಲಿನಲ್ಲಿ, ಆ ಓಣಿಯವಳೇ ಆದ ಹಸಿಂತಾಳಿಗೆ ಬೆನ್ನ ಹಿಂದೆಯೇ ಜಗಳ ಕೇಳಿಸಿತು. ಕಪ್ಪು ಶಾಲು ಹೊದ್ದ ಹೆಂಗಸೊಬ್ಬಳು, ಪ್ರವಾಸಿಗಳನ್ನು ಸುತ್ತಾಡಿಸುವ ತನ್ನ ಅಕ್ಕನ ಮಗ ನಸಾರಿಯೊನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ನನ್ನ ಗಂಡ ಸತ್ತ ಮನೆ ಕಣೋ ಅದು, ಸಂತೆಯಲ್ಲ!"

"ಬಾಗಿಲು ತೆರೆದಿತ್ತಲ್ಲ ಚಿಕ್ಕಮ್ಮ."

"ಒಂಬತ್ತು ದಿನದ ಪ್ರಾರ್ಥನೆಗೆ ಯಾರಾದ್ರೂ ಬಾಗಿಲು ಹಾಕ್ತಾರೇನೋ? ನಿನ್ನ ಪ್ರವಾಸಿಗಳು ಬಂದ್ರು, ಕಾಫಿ ಕೊಟ್ಟೆ. ಹೆಣ ಇಟ್ಟಿದ್ದ ಜಾಗದಲ್ಲಿ ಸುಣ್ಣದ ಶಿಲುಬೆ ಬರೆದಿದ್ವಲ್ಲ, ಅದರ ಮೇಲೆ ಬೂಟುಗಾಲಲ್ಲಿ ನಿಂತು ಫೋಟೊ ಹೊಡ್ಕೊಂಡ್ರು!"

"ಅಲಂಕಾರ ಅಂದ್ಕೊಂಡಿರ್ತಾರೆ."

"ನಿನಗೆ ಗೊತ್ತಿತ್ತಲ್ಲ?"

"ಯಾರೂ ನೋಡದ ಓಣಿಗಳು ಅಂತ ಮೂರು ದಿನದ ಸುತ್ತಾಟ ಚಿಕ್ಕಮ್ಮ. ಇವತ್ತು ಒಂಬತ್ತನೇ ದಿನ ಅಲ್ವಾ, ಸಂಜೆ ಪ್ರಾರ್ಥನೆ ಮುಗಿಸಿ ಆ ಸುಣ್ಣ ಬಳಿದು ಎತ್ತೋದನ್ನೂ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಯಾರೂ ನೋಡದ ಓಣಿನಾ? ಇಲ್ಲಿ ಹುಟ್ಟಿ ಬೆಳೆದೋರೆಲ್ಲ ಕುರುಡರೇನೋ? ನಲ್ಲೀಲಿ ನೀರಿಲ್ಲ ಅಂತ ಬಾಯಿ ಬಡ್ಕೊಂಡಾಗ ಒಬ್ಬನೂ ಹತ್ತಿ ಬರಲಿಲ್ಲ. ಸಾವು ನೋಡೋಕೆ ಬಂದ್ರಾ?"

"ಚಿಕ್ಕಪ್ಪ ಇದ್ದಿದ್ರೆ ಬೇಡ ಅಂತಿರ್ಲಿಲ್ಲ."

"ಆ ಶಿಲುಬೆ ಎತ್ತೋವರೆಗೂ ಅದೇ ಅವರ ದೇಹ ಕಣೋ. ಅವರ ಎದೆ ತುಳಿಸಿದ ಮೇಲೆ ಅವರ ಹೆಸರೆತ್ತಬೇಡ."

ಅವನ ದನಿ ಇಳಿಯಿತು. "ಸಂಜೆ ನಾನೂ ಬರಬಾರದಾ?"

"ಬಾ. ಒಬ್ಬನೇ ಬಾ. ನೆಂಟರೆಲ್ಲ ಮೊಣಕಾಲೂರಿದಾಗ, ತುಳಿಸಿದ್ದು ನಾನೇ ಅಂತ ಹೇಳು."

ತೂಗುಬಂಡಿ ಬಂತು. ಅವಳು ಹತ್ತಿದಳು. ನಸಾರಿಯೊ ಒಂದು ಕಾಲಿಟ್ಟವನು ಹಿಂದಕ್ಕೆ ತೆಗೆದುಕೊಂಡ.