ನೆಲ ಹಸಿ ಐತಿ

ಅಲ್ಲೇ ನಿಲ್ಲವಾ, ಅಲ್ಲೇ, ಹೊಸ್ತಿಲ ಆಚೀಗೆ... ನೆಲ ಹಸಿ ಐತಿ. ಈಗಷ್ಟೇ ಒರೆಸೀನಿ. ಜಾರಿ ಬಿದ್ದಿ ಅಂದ್ರ ನಿನ್ನ ಗಂಡ ಬಂದು ‘ನಮ್ಮವ್ವನೇ ಎಣ್ಣಿ ಸುರಿದಾಳ’ ಅಂತಾನ. ಮದಿವಿ ಆದಾಗಿಂದ ಹರೀಶ ನನ್ನ ಮ್ಯಾಲೆ ಏನು ಬೇಕಾದ್ರೂ ಹೇಳ್ತಾನ. ನೀ ಅಲ್ಲಿಂದಾನೇ ಹೇಳು ಗಂಗೋತ್ರಿ. ನಿನ್ನ ಅತ್ತಿ ನಾನು, ವಯಸ್ಸಾಗೈತಿ, ಕಿವಿ ಹೋಗಿಲ್ಲ.

ಹೂಂ, ಎಲ್ಲಿದ್ವಿ? ಉಳ್ಳಾಗಡ್ಡಿ. ಸಣ್ಣಗ ಹೆಚ್ಚಬೇಕು, ಕೆಂಪಗ ಹುರೀಬೇಕು. ಇದನ್ನ ನಿನ್ನ ಬಾಯಿಲೆ ಕೇಳಬೇಕಾತು ನೋಡು ನಾನು. ತವರೂರು ಕಣೇಕಲ್ಲಾಗ ನಮ್ಮಪ್ಪನ ಗದ್ದಿಗೆ ನಾಟಿ ಹಚ್ಚಾಕ ಬಂದ ಆಳುಗಳಿಗೆ ಹಂಡೆ ತುಂಬ ಮಟನ್ ಸಾರು ಮಾಡಿದಾಕಿ ನಾನು. ಅಂಥಾಕಿ ಈ ವಯಸ್ಸಿನಾಗ ಮಗನ ಸಲುವಾಗಿ ಬನ್ನಿನಾಗ ಖೀಮಾ ತುಂಬಾದು ಕಲೀಬೇಕಾಗೈತಿ. ಬನ್ನು ಅಂದ್ರ ಏನು? ಜ್ವರ ಬಂದವರು ಚಾದಾಗ ಅದ್ದಿಕೊಂಡು ತಿನ್ನಾದು. ದವಾಖಾನಿಗೆ ಯಾರನ್ನಾರ ನೋಡಾಕ ಹೋಗುವಾಗ ಒಯ್ಯಾದು. ಅದರ ಹೊಟ್ಟಿ ಸೀಳಿ, ಒಳಗ ಖಂಡ ತುಂಬಿ, ಅದಕ್ಕ ಟಮಾಟಿ ಸಾಸು ಬ್ಯಾರೆ... ಯಾರ ತಲ್ಯಾಗ ಹುಟ್ಟಿತೋ ಇದು. ಏನಂದಿ, ಫೋನಿನಾಗ ನೋಡಿ ಕಲ್ತಿದ್ದಾ? ಅದೇ ಅಂದ್ಕೊಂಡೆ. ಹೆತ್ತಾಕಿ ಕಲಿಸಿದ್ದಾಗಿದ್ರ ಹಿಂಗಿರ್ತಿರಲಿಲ್ಲ.

ಆ ಜೀನ್ಸ್ ಯೂನಿಟ್ಟಿನ ಮಂದಿಗೇನು ಬಿಡು, ಏನು ಕೊಟ್ರೂ ಸೊಗಸು. ಬೆಳಗಿಂದ ಬೈಗಿನ ತನಕ ಬಾಯಾಗ ದಾರ ಕಚ್ಚಿ ಕಚ್ಚಿ ನಾಲಿಗಿ ಸತ್ತಿರ್ತೈತಿ. ನೀ ಡಬ್ಬಿ ತೆಗೆದ್ರ ಸಾಕಂತ, ಹೊಲಿಯೋ ಮಷಿನ್ ಬಿಟ್ಟು ಎಲ್ಲಾ ನಿನ್ನ ಸುತ್ತ ಕೂಡ್ತಾರಂತ. ನನ್ನ ಮಗನೂ ಹಂಗೇ ಬಿದ್ದ. ಕಟಿಂಗ್ ಮಾಸ್ಟರಂತ! ಪ್ಯಾಂಟಿನ ಅಳತಿ ಕಣ್ಣಿಲೇ ಹೇಳ್ತಾನಂತ. ಮನಿತನದ ಅಳತಿ ಮಾತ್ರ ತಿಳೀಲಿಲ್ಲ ಅವಗ.

ಮಾರಿ ಯಾಕ ಸಣ್ಣದು ಮಾಡ್ತಿ? ಮಾತಿಗೆ ಅಂದೆ. ಅತ್ತಿ ಒಂದು ಮಾತು ಅನ್ನಬಾರದು, ಏನು ಕಾಲ ಬಂತೋ.

ನೀರಾ? ಅಲ್ಲೇ ಕಿಟಕ್ಯಾಗ ಗ್ಲಾಸೈತಿ ನೋಡು. ಅದಲ್ಲ, ಅದಲ್ಲ... ಅದು ನಾನು ಗುಳಿಗಿ ನುಂಗಾದು. ಅಂಚು ಸೊಟ್ಟ ಆಗೈತಲ್ಲ, ಅದು. ನಿನಗಂತಾನೇ ತೊಳೆದಿಟ್ಟೀನಿ. ಹಿಡಿ, ನಾನೇ ಮ್ಯಾಲಿಂದ ಹಾಕ್ತೀನಿ. ತಂಬಿಗಿ ಮುಟ್ಟಬ್ಯಾಡ, ನೀನ್ಯಾಕ ತ್ರಾಸು ತಗಂತಿ. ಕುಡಿದು ಅಲ್ಲೇ ಬೋರಲು ಹಾಕು, ದುರ್ಗಾ ಬಂದು ತೊಳೀತಾಳ.

ದುರ್ಗಾ ಗೊತ್ತಿಲ್ಲೇನು? ಹಿತ್ತಲ ಬಳಿಯಾಕ ಬರ್ತಾಳಲ್ಲ, ಆಕಿ. ತಲಿ ನೆಟ್ಟಗಿಲ್ಲ ಆಕೀದು. ಹೋದ ಸೋಮವಾರ ಬಂದಾಕೀನೇ ‘ಬಾಯಿ ಸಿಹಿ ಮಾಡಿದ್ರಿ ಲಕ್ಷ್ಮಕ್ಕ, ನಿಮ್ಮ ಮನಿ ತುಂಬಲಿ’ ಅಂತ ಎರಡೂ ಕೈಲೆ ನನಗ ದೃಷ್ಟಿ ತೆಗೆದ್ಲು. ಹಿಂದಿನ ದಿನ ರೊಟ್ಟಿ, ಶೇಂಗಾ ಚಟ್ನಿ ಉಳಿದಿತ್ತು, ಕೊಟ್ಟಿದ್ದೆ. ನನ್ನ ಚಟ್ನಿ ತಿಂದ್ರ ಕಣ್ಣಾಗ ನೀರು ಬರ್ತಾವ, ಈಕಿಗೆ ಬಾಯಿ ಸಿಹಿ ಆತಂತ. ಹುಚ್ಚಿ.

ಇಲ್ಲಿ ನೋಡು, ಖೀಮಾ ಹೆಂಗೈತಿ. ಕಣ್ಣಿಲೆ ನೋಡು ಸಾಕು. ಹೊತ್ತು ಹುಟ್ಟಾಕ ಮುಂಚೆ ಅಂಗಡಿ ಮುಂದ ನಿಂತು, ತೊಡಿ ಖಂಡ ನನ್ನ ಎದುರಿಗೇ ಕತ್ತಿಲೆ ಕೊಚ್ಚಿಸಿಕೊಂಡು ಬಂದೀನಿ. ಅಂಗಡಿಯವ ಮಷಿನ್ನಿಗೆ ಹಾಕಾಕ ಹೋದ, ‘ಏಯ್, ನನಗ ಖೀಮಾ ಬೇಕು, ಹಿಟ್ಟಲ್ಲ’ ಅಂದೆ. ಇವತ್ತು ತಪ್ಪಿಸಬಾರದು ಅಂತ ಅಷ್ಟು ಮುಂಚೆ ಹೋದೆ. ಹೋದ ಭಾನುವಾರ ಅದೇನೋ ಜಯಂತಿ ಅಂತ ಮುನ್ಸಿಪಾಲ್ಟಿಯವರು ಊರಾಗಿನ ಮಟನ್ ಅಂಗಡಿ, ಕೋಳಿ ಅಂಗಡಿ ಎಲ್ಲಾ ಬಂದ್ ಮಾಡಿಸಿಬಿಟ್ಟಿದ್ರಲ್ಲ. ಬೆಟ್ಟದ ಬುಡದಿಂದ ಬಸ್ ಸ್ಟ್ಯಾಂಡಿನ ತನಕ ತಿರುಗಿದ್ರೂ ಒಂದು ತುಣುಕು ಸಿಗಲಿಲ್ಲ. ಅವತ್ತೇ ಆ ಚಟ್ನಿ ರೊಟ್ಟಿ ತಿಂದು ಮಲಗಿದ್ದು ನಾನು.

ಯಾಕ, ಸೆರಗು ಮೂಗಿಗೆ ಇಟ್ಟಿ? ಖಂಡದ ವಾಸನಿ ಹೊಸದೇನು ನಿನಗ? ಭೈರವಾನಿತಿಪ್ಪದ ಡ್ಯಾಮಿನ ದಂಡಿಮ್ಯಾಲೆ ಮೀನಿನ ಬುಟ್ಟಿ ನಡುವೆ ಬೆಳೆದಾಕಿ, ಈಗ ಮಸಾಲಿ ಹುರಿಯೋ ವಾಸನಿಗೆ ವಾಕರಿಕಿ ಬರ್ತೈತಂತ. ನಾಜೂಕು ಎಲ್ಲಿಂದ ಬಂತವಾ? ಪಟ್ಣದ ಗಾಳಿ ತಾಗಿತೇನು? ಹೋಗು, ಆ ಕುರ್ಚಿ ಎಳಕೊಂಡು ಕುಂದ್ರು. ಇಲ್ಲಿ ಅಲ್ಲ, ಆ ಕಡೆ, ಬಾಗಿಲ ಹತ್ರ. ನಿನ್ನ ಡಬ್ಬಿ ಯಾಕ ತೊಡಿಮ್ಯಾಲೆ ಇಟ್ಕಂಡಿ, ಕೆಳಗಿಡು. ಯಾರೂ ಕಸಗಣಲ್ಲ.

ಬಂದಾಗಿಂದ ನೋಡ್ತಿದೀನಿ, ನನ್ನ ಮಾರಿ ಮ್ಯಾಲಿಂದ ಕಣ್ಣು ಕಿತ್ತಿಲ್ಲ ನೀನು. ನಾನೇನೋ ಹೇಳ್ತೀನಿ ಅನ್ನಂಗ ಕಾಯ್ಕೊಂಡು ಕುಂತಿ. ಏನು ಹೇಳಲಿ? ಚಂದ ಅದೀಯಾ ಅನ್ನಲಾ? ಮಾರಿ ಬಿಳಿಚಿಗೊಂಡೈತಿ, ಕಣ್ಣು ಒಳಗ ಹೋಗ್ಯಾವ. ಸೊಸಿಗೆ ಅತ್ತಿ ಊಟ ಹಾಕಲಿಲ್ಲ ಅಂತ ಮಂದಿ ನನಗ ಅಂತಾರ, ನೀವಿಬ್ಬರು ಬ್ಯಾರೆ ಮನಿ ಮಾಡಿದ್ದು ಮಂದಿಗೆ ಕಾಣಲ್ಲ.

ಈಗ ಖಾರ. ಎರಡು ಚಮಚ ಅಂದ್ಯಾ? ಎರಡು ಚಮಚ ಖಾರ ಕೂಸಿನ ಅನ್ನಕ್ಕ ಹಾಕ್ತಾರ. ನಾನು ನಾಲ್ಕು ಹಾಕ್ತೀನಿ. ಹಸಿಮೆಣಸಿನಕಾಯಿ ಬ್ಯಾರೆ. ಅವ ತಿಂದು ‘ಹಾ’ ಅಂತ ಬಾಯಿ ತೆರೀಬೇಕು, ಮೂಗು ಸೋರಬೇಕು, ‘ಇದು ನಮ್ಮವ್ವನ ಕೈ’ ಅನಬೇಕು. ಇನ್ನ ಸಾಸು. ಆ ಬಾಟ್ಲಿ ನೀನೇ ಇಟ್ಕಾ. ಅದರಾಗ ಟಮಾಟಿ ಎಷ್ಟೈತೋ, ಸಕ್ಕರಿ ಎಷ್ಟೈತೋ. ನಾನು ಹಣ್ಣು ಬೇಯಿಸಿ, ಸಿಪ್ಪಿ ಸುಲಿದು, ಕಲ್ಲಿನಾಗ ಅರೆದೀನಿ. ಬೆಳ್ಳುಳ್ಳಿ ಜಜ್ಜಿ ಹಾಕೀನಿ, ಚೂರು ಹುಣಸಿಹಣ್ಣು ಹಿಂಡೀನಿ. ನೋಡು, ಬಣ್ಣ ನೋಡು. ಸಾಸಂದ್ರ ಇದು.

ಏನು, ಹುಣಸಿಹಣ್ಣು ಬೇಕಾ? ಬರೀ ಹುಣಸಿಹಣ್ಣಾ? ಸಣ್ಣ ಹುಡಿಗೇರಂಗ... ತಗಾ, ಹಿಡಿ, ಒಗಿತೀನಿ. ಚೀಪು.

ಹರೀಶ ಎಷ್ಟೊತ್ತಿಗೆ ಬರ್ತಾನಂತ? ಯೂನಿಟ್ಟಿನಾಗ ಭಾನುವಾರನೂ ಅರ್ಜೆಂಟ್ ಪೀಸಂತ, ಹೆಂಡ್ತೀನ ಮುಂದ ಕಳಿಸಿ ತಾನು ಹಿಂದ ಬರ್ತಾನ. ಇರಲಿ, ಬಂದ್ರ ಸಾಕು. ಮದಿವಿ ಆದಾಗಿಂದ ಈ ಮನ್ಯಾಗ ಒಂದು ತುತ್ತು ಉಂಡಿಲ್ಲ ನನ್ನ ಮಗ. ನಿನಗ ಗೊತ್ತಿಲ್ಲದ್ದೇನು, ನೀನೂ ಅವತ್ತು ಇಲ್ಲೇ ನಿಂತಿದ್ದಿ. ‘ಅವ್ವ, ಆಕಿ ಕೈದು ನೀ ಉಂಡ ದಿನ, ನಿನ್ನ ಕೈದು ನಾನು ಉಣ್ತೀನಿ’ ಅಂದ. ಹೆತ್ತಾಕಿಗೆ ಕಾಯಿದಿ ಹಾಕಿ ಹೋದ. ಆಮ್ಯಾಲೆ ಭಾನುವಾರ ಭಾನುವಾರ ಗಾಡಿ ಮ್ಯಾಲೆ ಬರಾದು, ನೀ ಕೊಟ್ಟ ಡಬ್ಬಿ ಕಟ್ಟಿಮ್ಯಾಲೆ ಇಡಾದು, ಒಳಗ ಹೆಜ್ಜಿ ಇಡದಂಗ ಹೋಗಾದು. ನಾನು ಒಬ್ಬಾಕಿನೇ ಕುಂತು ಉಣ್ಣಾದು. ಹಂಚಿನ ಮ್ಯಾಲೆ ಒಂದು ರೊಟ್ಟಿ ಸುಟ್ಟುಕೊಂಡು ಒಬ್ಬಾಕಿನೇ ಉಂಡು ನೋಡು ನೀನು, ಗಂಟಲಾಗ ಇಳಿಯಲ್ಲ.

ಅಂದ್ರ... ರೊಟ್ಟಿ ಜೊತಿಗೆ ನಿನ್ನ ಡಬ್ಬೀದೂ ಉಂಡೀನಿ. ಉಣ್ಣದ ಇದ್ರ ಅದರ ಕೊರತಿ ನನಗ ಹೆಂಗ ಗೊತ್ತಾಗ್ತಿತ್ತು? ಪ್ರತಿ ವಾರ ಫೋನಿನಾಗ ಹೇಳೀನಿಲ್ಲ ಹರೀಶಗ, ಒಂದು ವಾರ ಉಪ್ಪು ಕಮ್ಮಿ ಅಂದೆ, ಒಂದು ವಾರ ಎಣ್ಣಿ ತೇಲತೈತಿ ಅಂದೆ, ಒಂದು ವಾರ ಬೆಳ್ಳುಳ್ಳಿ ಸೀದೈತಿ ಅಂದೆ. ಚಲೋ ಐತಿ ಅಂದಿದ್ರ ಅವ ನಂಬ್ತಿರಲಿಲ್ಲ. ನಾನು ಯಾರದ್ದಾದ್ರೂ ಚಲೋ ಐತಿ ಅಂದೀನೇನು, ಹುಟ್ಟಿದಾಗಿಂದ? ವಾರ ವಾರ ಬೈದದ್ದಕ್ಕೇ ಈಗ ಕಡೀಗೆ ನಂಬಿದ.

ಮಂಗಳವಾರ ಫೋನ್ ಮಾಡಿದ್ದ. ಏನು ಖುಷಿ ಅವಗ, ಮಾತು ಮಾತಿಗೆ ನಗ್ತಾನ. ‘ಅವ್ವ, ಡಬ್ಬಿ ತೆಗೆದ್ಯಾ? ಉಂಡ್ಯಾ?’ ಅಂದ. ‘ತೆಗೆದೆ, ಉಂಡೆ’ ಅಂದೆ. ‘ಹಂಗಾದ್ರ ಈ ಭಾನುವಾರ ನಿನ್ನ ಮನ್ಯಾಗೇ ಊಟ, ಇಬ್ಬರೂ ಬರ್ತೀವಿ’ ಅಂತ ಫೋನಿನಾಗೇ ಕುಣಿದ. ಕೊರತಿ ಹೇಳಾಕೂ ಬಿಡಲಿಲ್ಲ, ಇಟ್ಟೇಬಿಟ್ಟ. ಒಂದು ಬನ್ನಿಗೆ ಇಷ್ಟು ಸಡಗರ.

ಅವ ಕೇಳಲಿಲ್ಲ, ನೀನಾದ್ರೂ ಕೇಳು. ಸಿಟ್ಟಾಗಬ್ಯಾಡ, ಕಲಿಯೋ ಹುಡಿಗಿ ಕೇಳಬೇಕು. ಹೋದ ಭಾನುವಾರ ಕಳಿಸಿದ್ಯಲ್ಲ, ಖೀಮಾ ಸರಿಯಾಗಿ ಬೆಂದಿರಲಿಲ್ಲ. ಹಲ್ಲಿಗೆ ಸಿಗ್ತಿತ್ತು. ಖಾರ ಅಂತೂ ಹೆಸರಿಗೂ ಇಲ್ಲ. ಉಪ್ಪು ನೋಡಿದ್ರ ಒಂದು ಮುಷ್ಟಿ. ಮ್ಯಾಲೆ ಆ ಬಾಟ್ಲಿ ಸಾಸಿನ ಸಿಹಿ ಬ್ಯಾರೆ, ಖಂಡಕ್ಕ ಯಾರಾದ್ರೂ ಸಿಹಿ ಹಾಕ್ತಾರೇನು? ಅರ್ಧ ಉಂಡು, ಅರ್ಧ...

ಯಾಕ ಹಂಗ ನೋಡ್ತಿ?

ಹುಣಸಿಹಣ್ಣು ಬಾಯಾಗೇ ಐತಿ, ಚೀಪಾದು ಬಿಟ್ಟಿ. ನಾನು ಹೇಳಿದ್ದರಾಗ ಸುಳ್ಳೇನೈತಿ? ಬೆಂದಿರಲಿಲ್ಲ ಅಂದ್ರ ಬೆಂದಿರಲಿಲ್ಲ. ಅಂಗಡಿಯವ ಮುದಿ ಆಡಿಂದು ಕೊಟ್ಟಿರಬೇಕು ನಿನಗ. ಹೋದ ಭಾನುವಾರ ಅವ...

ಹೋದ ಭಾನುವಾರ.

ಅಂಗಡಿ ಬಂದ್ ಇದ್ವಲ್ಲ.

ಬಳ್ಳಾರಿಯಿಂದ ತರಿಸಿರಬೇಕು ನೀನು. ಹೌದಲ್ಲ? ರೈಲಿನಾಗ ಯಾರ ಕೈಲಾದ್ರೂ ತರಿಸಿರಬೇಕು. ಹೌದನ್ನು ಗಂಗೋತ್ರಿ. ತಲಿಯಾದ್ರೂ ಅಲ್ಲಾಡಿಸು. ಇಷ್ಟೊತ್ತು ಹೂಂ ಹೂಂ ಅಂತಿದ್ದಿ, ಈಗ ಬಾಯಿಗೆ ಹೊಲಿಗಿ ಹಾಕ್ಕೊಂಡ್ಯಾ?

ಇಲ್ಲ ಅಂತೀಯಾ? ತರಿಸಿರಲಿಲ್ಲಾ?

ಹಂಗಾದ್ರ ಏನಿಟ್ಟಿದ್ದಿ ಡಬ್ಬ್ಯಾಗ? ಬರೀ ಬನ್ನಾ? ನನ್ನ ಪರೀಕ್ಷೆ ಮಾಡಿದ್ಯಾ? ನೋಡು, ನೋಡು ಈಕಿ ಬುದ್ಧಿ, ನನ್ನ ಮನ್ಯಾಗ ನನಗೇ... ಅದು ಹಗುರ ಇತ್ತು, ಹೌದು, ಎಂದಿನಂಗ ಭಾರ ಇರಲಿಲ್ಲ, ಎಣ್ಣಿ ಜಿಡ್ಡೂ ಇರಲಿಲ್ಲ. ದುರ್ಗಾನ ಕೈಗೆ ಕೊಡುವಾಗ ಒಳಗ ಏನೋ ಮರಳು ಸರಿದಂಗ...

ಏನಂದೆ ನಾನು? ಏನೂ ಅನ್ನಲಿಲ್ಲ. ತಪ್ಪಿ ಬಂತು ಬಾಯಾಗ.

ಹಂಗ ನೋಡಬ್ಯಾಡ. ಹೌದು, ಕೊಟ್ಟೆ. ಒಂದು ದಿನ. ಅವತ್ತು ಹೊಟ್ಟಿ ಸರಿ ಇರಲಿಲ್ಲ, ಕೆಡಿಸಾದು ಯಾಕ ಅಂತ ಕೊಟ್ಟೆ. ಉಳಿದ ವಾರ ಎಲ್ಲಾ... ಉಳಿದ ವಾರ... ನೀ ಏನಾದ್ರೂ ಅನ್ನು ನನಗ. ಬೈಯಿ ಬೇಕಾದ್ರ. ಅತ್ತಿ ಅಂತ ನೋಡಬ್ಯಾಡ. ಹಿಂಗ ಸುಮ್ಮನೆ ಕುಂತು ನೋಡಿದ್ರ ಒಲಿಮ್ಯಾಲಿಂದು ಸೀದು ಹೋಗ್ತೈತಿ, ನನಗ ಕೈ ಆಡಸಾಕ ಬರವಲ್ದು.

ಬಾಯಿ ಸಿಹಿ ಮಾಡಿದ್ರಿ ಅಂದ್ಲು ಆಕಿ. ನಿಮ್ಮ ಮನಿ ತುಂಬಲಿ ಅಂದ್ಲು.

ಸಕ್ಕರಿನಾ? ಸಕ್ಕರಿ ಕೊಬ್ಬರಿ ಇಟ್ಟು ಕಳಿಸಿದ್ಯಾ?

ಯವ್ವಾ... ಬಾಯಿಲೆ ಹೇಳಾಕ ನಾಚಿಕಿ ಆಗಿ, ಅತ್ತಿಗೆ ಮೊದಲು ತಿಳೀಲಿ ಅಂತ... ಅದಕ್ಕ ಅವ ಫೋನಿನಾಗ ಹಂಗ ನಗ್ತಿದ್ದ. ಅದಕ್ಕ ನೀ ಬಂದಾಗಿಂದ ನನ್ನ ಬಾಯೇ ನೋಡ್ಕೊಂತ ಕುಂತಿದ್ದಿ. ಹುಣಸಿಹಣ್ಣು ಕೇಳಿದ್ರೂ ನನಗ ತಿಳೀಲಿಲ್ಲ. ಮೂಗಿಗೆ ಸೆರಗು ಇಟ್ರೂ... ಎರಡು ಹೆತ್ತಾಕಿ ನಾನು, ಒಂದನ್ನ ಮಣ್ಣಿಗೆ ಕೊಟ್ಟಾಕಿ, ನನಗ ತಿಳೀಲಿಲ್ಲ ನೋಡು. ಮೊಮ್ಮಗನ ಸಕ್ಕರಿ ಹಿತ್ತಲ ಬಾಗಿಲಿಂದ ಕೊಟ್ಟು ಕಳಿಸಿದೆ. ಊರಿಗೆಲ್ಲ ದುರ್ಗಾಗ ಮೊದಲು ಗೊತ್ತಾತು.

ಇಕ, ಆ ಡಬ್ಬಿ ಇಲ್ಲಿ ಕೊಡು. ಇವತ್ತು ತಂದದ್ದು. ಏನೈತಿ ಅದರಾಗ, ಖೀಮಾನಾ, ಸಕ್ಕರಿನಾ, ಏನರ ಇರಲಿ. ಉಣ್ತೀನಿ. ನಿನ್ನ ಎದುರಿಗೇ ಉಣ್ತೀನಿ, ಇಲ್ಲೇ ಕುಂತು ಉಣ್ತೀನಿ. ಕೊಡವಾ. ಯಾಕ ಎರಡೂ ಕೈಲೆ ಬಿಗಿ ಹಿಡ್ಕೊಂಡಿ? ನಾನು ಕೇಳಿದೀನಿ, ಕೈ ಚಾಚಿ ಕೇಳ್ತಿದೀನಿ. ಇಷ್ಟು ದಿನ ನೀನು ಕಳಿಸ್ತಿದ್ದಿ, ಈಗ ನಾನು ಕೇಳಿದ್ರ ಕೊಡವಲ್ಲಿ.

ಏಳಬ್ಯಾಡ. ಎಲ್ಲಿಗೆ ಹೊಂಟಿ? ಗಾಡಿ ಸಪ್ಪಳ ಆತು, ಅವ ಬಂದ ನೋಡು, ಓಣಿ ತಿರುವಿನಾಗ ಅದಾನ. ಅವನ ಮುಂದ ಏನು ಹೇಳ್ತಿ? ಹೇಳಬ್ಯಾಡ ಅನ್ನಲ್ಲ ನಾನು. ಹೇಳು. ಆದ್ರ ಉಂಡ ಮ್ಯಾಲೆ ಹೇಳು. ಬನ್ನು ಕಾಸೀನಿ, ಬೆಣ್ಣಿ ಹಚ್ಚೀನಿ, ಒಂದೇ ಒಂದು ಸಲ ಅವ ನನ್ನ ಮನ್ಯಾಗ ಕುಂತು ಉಣ್ಣಲಿ. ನೀನೂ ಉಣ್ಣು. ನಿನಗ ಖಾರ ಬ್ಯಾಡ ಈಗ, ಬ್ಯಾರೆ ಮಾಡಿ ಕೊಡ್ತೀನಿ. ಒಳಗ ಬಂದು ನೀನೇ ಮಾಡ್ಕ. ಗ್ಲಾಸು ಯಾವುದು ಬೇಕು ಅದು ತಗಾ.

ಬಾ. ಹೊಸ್ತಿಲು ದಾಟಿ ಬಾ ಗಂಗೋತ್ರಿ. ನೆಲ ಒಣಗೈತಿ.

ಯಾಕ, ಕೆಳಗ ನೋಡ್ತಿ? ಒಣಗೈತಿ ಅಂದೆನಲ್ಲ.

ಆವಾಗಿಂದ ಒಣಗೇ ಇತ್ತು ಅಂತೀಯೇನು?